ಐದನೇ ಸುತ್ತಿನಲ್ಲಿ ಏನಾಯಿತು?

ಹಾಲಿನ ಬೂತಿನ ಹತ್ತಿರ ಒಬ್ಬರು ಅಜ್ಜಿ ನನ್ನನ್ನು ತಡೆದು ನಿಲ್ಲಿಸಿದರು. ಬೆಳಿಗ್ಗೆ ಆರೂವರೆ ಇರಬೇಕು. ಎರಡು ನಂದಿನಿ ಪ್ಯಾಕೆಟ್ ಕೈಚೀಲಕ್ಕೆ ಹಾಕಿಕೊಂಡು ಇನ್ನೇನು ಹೊರಟಿದ್ದೆ.

"ಸಾರ್, ಮೊನ್ನೆ ರಾಜ್ಯೋತ್ಸವದಲ್ಲಿ ಜಡ್ಜ್ ಆಗಿದ್ದೋರು ನೀವೇ ಅಲ್ವಾ?"

"ಹೌದು ತಾಯಿ, ನಾನೇ" ಎಂದೆ. ಸ್ವಲ್ಪ ಬೀಗಿಯೇ ಹೇಳಿದೆ ಅಂತಿಟ್ಟುಕೊಳ್ಳಿ.

"ಹಾಗಾದ್ರೆ ಒಂದು ನಿಮಿಷ ಇದನ್ನ ನೋಡಿ" ಎಂದು ಮೊಬೈಲನ್ನು ಸೆರಗಿನಲ್ಲಿ ಒರೆಸಿ ನನ್ನ ಮುಂದೆ ಹಿಡಿದರು. ಬೈಯಲಿಲ್ಲ, ಗದರಲಿಲ್ಲ. ಸುಮ್ಮನೆ ಹಿಡಿದುಕೊಂಡು ನಿಂತರು. ನಾನು ಒಂದು ನಿಮಿಷ ಅಲ್ಲ, ಮೂರು ಸಲ ನೋಡಿದೆ.

ಅದರಲ್ಲಿ ಏನಿತ್ತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮನೆಗೆ ಬಂದು ಕಾಫಿ ಲೋಟ ಹಿಡಿದು ಕೂತಾಗ ನನಗೆ ನೆನಪಾದದ್ದು ಒಂದು ಬಾಕ್ಸಿಂಗ್ ಪಂದ್ಯ. ನಗಬೇಡಿ ಮಕ್ಕಳೇ. ಗೋವಿಂದರಾಜನಗರದ ಎಪ್ಪತ್ತು ದಾಟಿದ ತಾತನಿಗೂ ಬಾಕ್ಸಿಂಗಿಗೂ ಏನು ಸಂಬಂಧ ಎಂದು ನಮ್ಮ ಮನೆಯವರೂ ಕೇಳಿದರು. ಸಂಬಂಧ ಇರುವುದು ಗುದ್ದಾಟಕ್ಕಲ್ಲ, ಲೆಕ್ಕಕ್ಕೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನಮ್ಮ ಶಾಖೆಯ ಕ್ಯಾಷಿಯರು ಕೋಲಾರದ ಚಿನ್ನದ ಗಣಿಯ ಕಡೆಯವರು. ಬ್ರಿಟಿಷರ ಕಾಲದಿಂದಲೂ ಆ ಊರಿಗೆ ಬಾಕ್ಸಿಂಗ್ ಗೀಳು. ನಮ್ಮಲ್ಲಿ ಕಬಡ್ಡಿ ಹೇಗೋ ಅಲ್ಲಿ ಅದು ಹಾಗೆ. ನಮ್ಮ ಕ್ಯಾಷಿಯರು ಸ್ವತಃ ಒಣಕಲು ಮನುಷ್ಯ, ಗಾಳಿ ಬೀಸಿದರೆ ನೋಟಿನ ಕಟ್ಟಿನ ಜೊತೆ ತಾವೂ ಹಾರಿಹೋಗುವಂತಿದ್ದರು. ಆದರೆ ಪೇಪರಿನಲ್ಲಿ ಎಲ್ಲರೂ ಕ್ರಿಕೆಟ್ ಸುದ್ದಿ ಓದಿದರೆ ಅವರು ಮೊದಲು ಹುಡುಕುತ್ತಿದ್ದದ್ದು ಬಾಕ್ಸಿಂಗ್. 1999ರ ಮಾರ್ಚ್ ತಿಂಗಳ ಒಂದು ಸೋಮವಾರ ಊಟದ ಹೊತ್ತಿನಲ್ಲಿ ಅವರು ಪೇಪರನ್ನು ನನ್ನ ಡಬ್ಬಿಯ ಪಕ್ಕ ಹಾಕಿ, "ನೀವು ಬಿ.ಕಾಂ. ಅಲ್ವೇನ್ರೀ? ಈ ಲೆಕ್ಕ ಸ್ವಲ್ಪ ನೋಡಿ" ಎಂದರು.

ಪಂದ್ಯ ನಡೆದದ್ದು ಮಾರ್ಚ್ 13ರ ಶನಿವಾರ ರಾತ್ರಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ನಮಗೆ ಆಗಲೇ ಭಾನುವಾರ ಬೆಳಗಾಗಿತ್ತು. ಒಂದು ಕಡೆ ಬ್ರಿಟನ್ನಿನ ಲೆನಾಕ್ಸ್ ಲೂಯಿಸ್, ಇನ್ನೊಂದು ಕಡೆ ಅಮೆರಿಕದ ಇವಾಂಡರ್ ಹೋಲಿಫೀಲ್ಡ್. (1997ರಲ್ಲಿ ಮೈಕ್ ಟೈಸನ್ ಕಿವಿ ಕಚ್ಚಿದನಲ್ಲ, ಆ ಕಿವಿ ಈ ಹೋಲಿಫೀಲ್ಡ್‌ನದ್ದೇ.) ಬಾಕ್ಸಿಂಗಿನಲ್ಲಿ ಒಂದು ವಿಚಿತ್ರ ಇದೆ. ಚಾಂಪಿಯನ್ ಎಂದು ಬೆಲ್ಟ್ ಕೊಡುವ ಸಂಸ್ಥೆಗಳು ಹಲವು. ಹಾಗಾಗಿ ಒಂದೇ ತೂಕದಲ್ಲಿ ಇಬ್ಬರು ಮೂವರು ವಿಶ್ವ ಚಾಂಪಿಯನ್ನರು ಇರಬಹುದು. ಆಗ ಹೋಲಿಫೀಲ್ಡ್ ಬಳಿ ಎರಡು ಬೆಲ್ಟ್, ಲೂಯಿಸ್ ಬಳಿ ಒಂದು. ಗೆದ್ದವರಿಗೆ ಮೂರೂ ಸೇರಿ ಹೆವಿವೇಟ್‌ನ ಏಕೈಕ ಚಾಂಪಿಯನ್ ಪಟ್ಟ. 1992ರಲ್ಲಿ ಅಂಥ ಏಕೈಕ ಚಾಂಪಿಯನ್ ಆಗಿದ್ದ ರಿಡಿಕ್ ಬೋ ಎಂಬಾತ ಲೂಯಿಸ್ ಜೊತೆ ಆಡಲು ಒಪ್ಪದೆ, ಒಂದು ಬೆಲ್ಟನ್ನು ಎಲ್ಲರೆದುರೇ ಕಸದ ಡಬ್ಬಕ್ಕೆ ಹಾಕಿಬಿಟ್ಟಿದ್ದ. ಅಂದಿನಿಂದ ಪಟ್ಟ ಹರಿದು ಹಂಚಿಹೋಗಿತ್ತು.

ಹನ್ನೆರಡು ಸುತ್ತು, ಒಂದೊಂದು ಸುತ್ತಿಗೆ ಮೂರು ನಿಮಿಷ. ಯಾರೂ ನೆಲಕ್ಕೆ ಬೀಳಲಿಲ್ಲ. ಏಟುಗಳನ್ನು ಎಣಿಸುವವರು ರಿಂಗಿನ ಪಕ್ಕದಲ್ಲೇ ಕೂತಿರುತ್ತಾರೆ. ಅವರ ಎಣಿಕೆಯಂತೆ ಲೂಯಿಸ್ ಕೊಟ್ಟ ಏಟು 348, ಹೋಲಿಫೀಲ್ಡ್ ಕೊಟ್ಟದ್ದು 130. ಎರಡೂವರೆ ಪಟ್ಟಿಗೂ ಹೆಚ್ಚು! ನೋಡಿದವರೆಲ್ಲ ಲೂಯಿಸ್ ಗೆದ್ದ ಎಂದುಕೊಂಡರು. ಮೂವರು ತೀರ್ಪುಗಾರರ ಚೀಟಿ ಓದಿದಾಗ ಬಂದ ಫಲಿತಾಂಶ: ಸಮ.

ಸಭೆ ಹುಯ್ಯಲಿಟ್ಟಿತು. ಲೂಯಿಸ್‌ಗೆ ಮೋಸವಾಯಿತು, ಯಾರೋ ದುಡ್ಡು ತಿಂದಿದ್ದಾರೆ ಎಂದು ದೊಡ್ಡ ಗಲಾಟೆ. ನ್ಯೂಯಾರ್ಕಿನಲ್ಲಿ ವಿಚಾರಣೆಗಳೂ ನಡೆದವು.

ಈಗ ಆ ಮೂರು ಚೀಟಿ ನೋಡೋಣ. ದಕ್ಷಿಣ ಆಫ್ರಿಕದ ಸ್ಟಾನ್ಲಿ ಕ್ರಿಸ್ಟೊಡೂಲು ಕೊಟ್ಟದ್ದು ಲೂಯಿಸ್‌ಗೆ 116, ಹೋಲಿಫೀಲ್ಡ್‌ಗೆ 113. ಅಮೆರಿಕದ ಯುಜೀನಿಯಾ ವಿಲಿಯಮ್ಸ್ ಎಂಬಾಕೆ ಕೊಟ್ಟದ್ದು ಹೋಲಿಫೀಲ್ಡ್‌ಗೆ 115, ಲೂಯಿಸ್‌ಗೆ 113. ಬ್ರಿಟನ್ನಿನ ಲ್ಯಾರಿ ಓಕಾನಲ್ ಇಬ್ಬರಿಗೂ 115. ಒಬ್ಬರು ಅವನು ಗೆದ್ದ ಎಂದರು, ಒಬ್ಬರು ಇವನು ಗೆದ್ದ ಎಂದರು, ಮೂರನೆಯವರು ಸಮ ಎಂದರು. ಪಂದ್ಯ ಸಮ.

ನಮ್ಮ ಕ್ಯಾಷಿಯರು ಆ ದಿನ ಒಂದು ಕೈಚಳಕ ತೋರಿಸಿದರು. "ಈ ಮೂರು ಅಂಕಿ ನೋಡಿದ್ರೆ ಸಾಕು, ಯಾರಿಗೆ ಎಷ್ಟು ಸುತ್ತು ಕೊಟ್ಟಿದಾರೆ ಅಂತ ಹೇಳಬಹುದು" ಎಂದರು. ಹೇಗೆ? ಒಂದು ಸುತ್ತು ಗೆದ್ದವನಿಗೆ 10, ಸೋತವನಿಗೆ 9. ಕೂಡಿದರೆ 19. (ಕೆಳಗೆ ಬಿದ್ದರೆ 8 ಆಗುತ್ತದೆ. ಇಲ್ಲಿ ಯಾರೂ ಬೀಳಲಿಲ್ಲ, ಅದನ್ನು ಬಿಡಿ.) ಹನ್ನೆರಡು ಹತ್ತೊಂಬತ್ತಲೆ 228. ಯಾವುದಾದರೂ ಸುತ್ತನ್ನು ತೀರ್ಪುಗಾರರು ಸಮ ಎಂದರೆ ಇಬ್ಬರಿಗೂ ಹತ್ತು ಹತ್ತು, ಅಂದರೆ 20. ಹಾಗಾಗಿ ಒಟ್ಟು 228ಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ಸುತ್ತು ಸಮ.

ವಿಲಿಯಮ್ಸ್ ಚೀಟಿ: 115 ಮತ್ತು 113, ಕೂಡಿದರೆ ಸರಿಯಾಗಿ 228. ಸಮ ಸುತ್ತೇ ಇಲ್ಲ. 120ರಲ್ಲಿ 115 ಕಳೆದರೆ 5, ಅಂದರೆ ಹೋಲಿಫೀಲ್ಡ್ ಸೋತದ್ದು ಐದು, ಗೆದ್ದದ್ದು ಏಳು. ಕ್ರಿಸ್ಟೊಡೂಲು ಚೀಟಿ 229, ಒಂದು ಸುತ್ತು ಸಮ. ಲೂಯಿಸ್‌ಗೆ ಏಳು, ಹೋಲಿಫೀಲ್ಡ್‌ಗೆ ನಾಲ್ಕು. ಓಕಾನಲ್ ಚೀಟಿ 230, ಎರಡು ಸಮ, ಉಳಿದ ಹತ್ತರಲ್ಲಿ ಐದು ಐದು. ಪೆನ್ಸಿಲ್ ಇಟ್ಟುಕೊಂಡು ನೀವೂ ಮಾಡಿ ನೋಡಿ. ನಾನು ಆ ದಿನ ಮೊಸರನ್ನ ಬಿಟ್ಟು ಟೋಕನ್ ಚೀಟಿಯ ಹಿಂದೆ ಇದನ್ನೇ ಬರೆದುಕೊಂಡು ಕೂತಿದ್ದೆ.

ಹಾಗಾದರೆ 348 ಮತ್ತು 130 ಎಲ್ಲಿ ಹೋಯಿತು ಎಂದು ಕೇಳುತ್ತೀರಿ. ಅದು ಲೆಕ್ಕಕ್ಕೆ ಬರುವುದೇ ಇಲ್ಲ. ಒಂದೊಂದು ಸುತ್ತು ಒಂದೊಂದು ವಿಷಯದ ಪರೀಕ್ಷೆ ಇದ್ದಂತೆ. ಒಂದು ಸುತ್ತಿನಲ್ಲಿ ನಲವತ್ತು ಏಟು ಹೆಚ್ಚು ಕೊಟ್ಟರೂ 10, ಮುಂದಿನ ಸುತ್ತಿನಲ್ಲಿ ಎದುರಾಳಿ ಎರಡೇ ಏಟು ಹೆಚ್ಚು ಕೊಟ್ಟರೂ ಅವನಿಗೂ 10. ಗಣಿತದಲ್ಲಿ ನೂರಕ್ಕೆ ನೂರು ತೆಗೆದವನು ಇತಿಹಾಸದಲ್ಲಿ ಫೇಲಾದರೆ ಗಣಿತದ ಅಂಕ ಅಲ್ಲಿಗೆ ಸಾಗಿಸಲಾಗುವುದಿಲ್ಲವಲ್ಲ, ಹಾಗೆ. ಅದೂ ಅಲ್ಲದೆ ತೀರ್ಪುಗಾರರು ಬರೀ ಏಟು ಎಣಿಸುವುದಿಲ್ಲ. ಸ್ವಚ್ಛವಾಗಿ ತಗುಲಿತೇ, ನುಗ್ಗಿದ್ದರಿಂದ ಪ್ರಯೋಜನ ಆಯಿತೇ, ತಪ್ಪಿಸಿಕೊಂಡದ್ದು ಹೇಗೆ, ರಿಂಗು ಯಾರ ಹಿಡಿತದಲ್ಲಿತ್ತು, ಎಲ್ಲ ನೋಡಬೇಕು.

ಈ ರೀತಿಯ ಲೆಕ್ಕ ನಮ್ಮ ಮೇರಿ ಕೋಮ್ ಅವರಿಗೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೈಕೊಟ್ಟಿತು. 2021ರ ಜುಲೈನಲ್ಲಿ ಕೊಲಂಬಿಯಾದ ಇಂಗ್ರಿಟ್ ವೆಲೆನ್ಸಿಯಾ ಎದುರು. ಅಲ್ಲಿ ಮೂರು ಸುತ್ತು, ಐವರು ತೀರ್ಪುಗಾರರು. ಮೊದಲ ಸುತ್ತಿನಲ್ಲಿ ನಾಲ್ವರು ವೆಲೆನ್ಸಿಯಾ ಕಡೆ, ಒಬ್ಬರು ಮೇರಿ ಕಡೆ. ಎರಡನೆಯದರಲ್ಲಿ ಮೂವರು ಮೇರಿ ಕಡೆ. ಮೂರನೆಯದರಲ್ಲೂ ಮೂವರು ಮೇರಿ ಕಡೆ. ಮೂರರಲ್ಲಿ ಎರಡು ಸುತ್ತು ಗೆದ್ದ ಮೇರಿ, ಪಂದ್ಯವನ್ನು ಮೂರು-ಎರಡರಿಂದ ಸೋತರು! ಯಾಕೆಂದರೆ ಸುತ್ತುಗಳನ್ನು ಅಡ್ಡಕ್ಕೆ ಕೂಡುವುದಿಲ್ಲ, ಒಬ್ಬೊಬ್ಬ ತೀರ್ಪುಗಾರರ ಚೀಟಿಯನ್ನು ಉದ್ದಕ್ಕೆ ಕೂಡುತ್ತಾರೆ. ತಾವೇ ಗೆದ್ದೆವೆಂದು ಮೇರಿ ತಿಳಿದುಕೊಂಡಿದ್ದರಂತೆ. ಲೆಡ್ಜರಿನಲ್ಲಿ ಅಡ್ಡ ಮೊತ್ತ, ಉದ್ದ ಮೊತ್ತ ಎರಡೂ ತಾಳೆಯಾಗಬೇಕು ಎಂದು ಮೂವತ್ತೈದು ವರ್ಷ ತಲೆ ಚಚ್ಚಿಕೊಂಡ ನನಗೆ ಇದು ಇವತ್ತಿಗೂ ಸರಿಯಾಗಿ ಜೀರ್ಣವಾಗಿಲ್ಲ.

ಇರಲಿ. ನ್ಯೂಯಾರ್ಕಿಗೆ ವಾಪಸು ಬರೋಣ. ಎಲ್ಲರ ಸಿಟ್ಟು ತಿರುಗಿದ್ದು ಐದನೇ ಸುತ್ತಿನ ಮೇಲೆ. ಅದರಲ್ಲಿ ಲೂಯಿಸ್ 43 ಏಟು ಕೊಟ್ಟಿದ್ದ, ಹೋಲಿಫೀಲ್ಡ್ 11. ಹಗ್ಗಕ್ಕೆ ಒತ್ತರಿಸಿಕೊಂಡು ಹೊಡೆದಿದ್ದ. ಆ ಸುತ್ತನ್ನು ವಿಲಿಯಮ್ಸ್ ಹೋಲಿಫೀಲ್ಡ್‌ಗೆ ಬರೆದಿದ್ದರು. ವಿಚಾರಣೆಯಲ್ಲಿ ಅವರಿಗೆ ಆ ಸುತ್ತಿನ ವಿಡಿಯೊ ತೋರಿಸಿದರು. ಆಕೆ ಹೇಳಿದ್ದರ ಸಾರಾಂಶ ಇಷ್ಟು: ಟಿ.ವಿ.ಯಲ್ಲಿ ಕಾಣುತ್ತಿರುವುದು ನಾನು ಆ ರಾತ್ರಿ ಕಂಡದ್ದಲ್ಲ. ಇದನ್ನು ನೋಡಿದ್ದರೆ ಲೂಯಿಸ್‌ಗೇ ಕೊಡುತ್ತಿದ್ದೆ. ಫೋಟೊಗ್ರಾಫರುಗಳು ಅಡ್ಡ ಇದ್ದರು, ನನಗೆ ಸರಿಯಾಗಿ ಕಾಣುತ್ತಿರಲಿಲ್ಲ.

ಜನ ಆಡಿಕೊಂಡು ನಕ್ಕರು. ನಾನೂ ನಕ್ಕಿದ್ದೆ. ಇದೇನು ನೆಪ ಎಂದು ನಮ್ಮ ಕ್ಯಾಷಿಯರ ಎದುರೇ ಹೇಳಿದ್ದೆ.

ಅವರು ನಗಲಿಲ್ಲ. ಬೇರೇನೋ ಲೆಕ್ಕ ಹಾಕುತ್ತಿದ್ದರು. "ಸರಿ, ಆಯಮ್ಮ ಐದನೇ ಸುತ್ತು ಲೂಯಿಸ್‌ಗೇ ಕೊಟ್ರು ಅಂತಿಟ್ಕೊಳ್ಳಿ. ಆಗೇನಾಗುತ್ತೆ?" ಎಂದರು. ಮಕ್ಕಳೇ, ಮುಂದೆ ಓದುವ ಮೊದಲು ನೀವೇ ಹಾಕಿ ನೋಡಿ. ಏಳು-ಐದು ಇದ್ದದ್ದು ಆರು-ಆರು ಆಗುತ್ತದೆ. 114, 114. ಅವರ ಚೀಟಿ ಸಮ. ಓಕಾನಲ್ ಚೀಟಿ ಮೊದಲೇ ಸಮ. ಲೂಯಿಸ್ ಪರ ಒಂದೇ ಚೀಟಿ. ಮೂವರಲ್ಲಿ ಇಬ್ಬರು ಸಮ ಎಂದರೆ ಪಂದ್ಯ ಆಗಲೂ ಸಮ! ಇಡೀ ಜಗತ್ತು ಆ ಒಂದು ಸುತ್ತಿಗಾಗಿ ಆಕೆಯನ್ನು ಹರಿದು ತಿಂದಿತು. ಆ ಸುತ್ತು ಸರಿಯಾಗಿದ್ದಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಬದಲಾಗಬೇಕಿದ್ದರೆ ಇನ್ನೂ ಒಂದು ಸುತ್ತು ಬೇಕಿತ್ತು, ಅಥವಾ ಓಕಾನಲ್ ಒಂದು ಸಮ ಸುತ್ತನ್ನು ಲೂಯಿಸ್‌ಗೆ ಬರೆಯಬೇಕಿತ್ತು.

ಅದೇ ವರ್ಷ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ಮತ್ತೆ ಪಂದ್ಯ ಇಟ್ಟರು. ಮೂವರೂ ಲೂಯಿಸ್ ಗೆದ್ದ ಎಂದರು. 115-113, 116-112, 117-111. ಮೂರನ್ನೂ ಕೂಡಿ ನೋಡಿ, ಮೂರೂ 228. ಯಾರೂ ಒಂದು ಸುತ್ತನ್ನೂ ಸಮ ಎಂದು ಬರೆದಿರಲಿಲ್ಲ. ಮೊದಲ ಸಲದ ಗಲಾಟೆ ಕಂಡ ಮೇಲೆ ಸಮ ಎನ್ನಲು ಯಾರಿಗೆ ಧೈರ್ಯ ಬಂದೀತು ಎಂಬುದು ನನ್ನ ಊಹೆ, ಅಷ್ಟೆ.

ಈಗ ನಮ್ಮ ಬಡಾವಣೆಯ ಕಥೆ. ನವೆಂಬರ್ ಕೊನೆಯ ಭಾನುವಾರ ನಮ್ಮ ಪಾರ್ಕಿನ ಪಕ್ಕದ ರಸ್ತೆಗೆ ಶಾಮಿಯಾನ ಹಾಕಿ ರಾಜ್ಯೋತ್ಸವ. ಮಕ್ಕಳಿಗೆ ವೇಷಭೂಷಣ ಮತ್ತು ಏಕಪಾತ್ರಾಭಿನಯ ಸ್ಪರ್ಧೆ. ಮೂವರು ತೀರ್ಪುಗಾರರಲ್ಲಿ ನಾನೊಬ್ಬ. "ನೀವು ಬ್ಯಾಂಕಿನೋರು ಸಾರ್, ಲೆಕ್ಕ ಪಕ್ಕಾ ಇರುತ್ತೆ" ಎಂದು ಕರೆದಿದ್ದರು. ವಯಸ್ಸಿಗೆ ಮರ್ಯಾದೆ ಕೊಟ್ಟು ನಡುವಿನ ಕುರ್ಚಿ ಕೊಟ್ಟರು. ವೇಷಕ್ಕೆ 10, ಮಾತಿಗೆ 10, ಅಭಿನಯಕ್ಕೆ 10.

ಹನ್ನೊಂದನೆಯವಳಾಗಿ ಒಂಬತ್ತು ವರ್ಷದ ಒಬ್ಬ ಹುಡುಗಿ ಬಂದಳು. ಒನಕೆ ಓಬವ್ವ. ಆ ಹೊತ್ತಿಗೆ ಅಪ್ಪಂದಿರ ಒಂದು ಗುಂಪು ಮೊಬೈಲ್ ಎತ್ತಿ ಹಿಡಿದು ನನ್ನ ಕುರ್ಚಿಯ ಮುಂದೆಯೇ ನಿಂತುಬಿಟ್ಟಿತ್ತು. ಒಬ್ಬರ ಬೆನ್ನು ನನ್ನ ಮುಖದಿಂದ ಒಂದು ಗೇಣು ದೂರ. "ಸ್ವಲ್ಪ ಸರೀರಪ್ಪಾ" ಎಂದೆ, ಧ್ವನಿವರ್ಧಕದಲ್ಲಿ ಅದು ಯಾರಿಗೆ ಕೇಳಬೇಕು? ಹುಡುಗಿಯ ದನಿ ಕೇಳಿಸಿತು. ಗಂಡ ಊಟಕ್ಕೆ ಕೂತದ್ದು, ತಾನು ನೀರಿಗೆ ಹೋದದ್ದು, ಕೋಟೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರ ಪಿಸುಮಾತು ಕೇಳಿದ್ದು, ಎಲ್ಲ ಚೆನ್ನಾಗಿ ಹೇಳಿದಳು. ಆಮೇಲೆ ಮಾತು ನಿಂತಿತು. ಹತ್ತು ಸೆಕೆಂಡು, ಹದಿನೈದು ಸೆಕೆಂಡು, ಸದ್ದೇ ಇಲ್ಲ. ಅಯ್ಯೋ ಪಾಪ, ಮಾತು ಮರೆತುಹೋಯಿತು ಎಂದುಕೊಂಡೆ. ಮತ್ತೆ ಏನೋ ಕೂಗಿದಳು, ಚಪ್ಪಾಳೆ ಬಿತ್ತು, ಇಳಿದು ಹೋದಳು. ನಾನು ವೇಷಕ್ಕೆ 7, ಮಾತಿಗೆ 7, ಅಭಿನಯಕ್ಕೆ 5 ಬರೆದೆ. ಕಾಣದೇ ಇದ್ದದ್ದಕ್ಕೆ ಐದು! ಉಳಿದ ಇಬ್ಬರು 24 ಮತ್ತು 25 ಕೊಟ್ಟಿದ್ದರು. ನನ್ನ 19 ಸೇರಿ 68. ಮೂರನೇ ಬಹುಮಾನ 70ಕ್ಕೆ ಹೋಯಿತು, ಸಂಗೊಳ್ಳಿ ರಾಯಣ್ಣನಾಗಿದ್ದ ಒಬ್ಬ ಪುಟ್ಟ ಹುಡುಗನಿಗೆ. ಕೂಡಿದ್ದರಲ್ಲಿ ಒಂದು ತಪ್ಪಿಲ್ಲ. ಮೂರು ಸಲ ತಾಳೆ ನೋಡಿಯೇ ಸಹಿ ಹಾಕಿದ್ದೆ.

ಅಜ್ಜಿಯ ಮೊಬೈಲಿನಲ್ಲಿ ಇದ್ದದ್ದು ಆ ಹದಿನೈದು ಸೆಕೆಂಡು. ಅವರು ವೇದಿಕೆಯ ಪಕ್ಕದಿಂದ ತೆಗೆದಿದ್ದರು. ಮಗು ಮಾತು ಮರೆತಿರಲಿಲ್ಲ. ಕಿಂಡಿಯ ಪಕ್ಕ ಮೈ ಹಿಡಿಮಾಡಿ ಕೂತು, ಒನಕೆಯನ್ನು ಒಂದೊಂದೇ ಅಂಗುಲ ಎತ್ತುತ್ತಿದ್ದಳು. ಕಣ್ಣು ರೆಪ್ಪೆ ಬಡಿಯಲಿಲ್ಲ. ಉಸಿರು ಬಿಗಿಹಿಡಿದದ್ದು ಗಂಟಲಿನಲ್ಲಿ ಕಾಣುತ್ತಿತ್ತು. ಆ ದಿನ ಹದಿನೆಂಟು ಮಕ್ಕಳು ಮಾಡಿದ್ದರಲ್ಲಿ ಅಷ್ಟು ಒಳ್ಳೆಯ ಅಭಿನಯ ಇನ್ನೊಂದು ಇರಲಿಲ್ಲ. ಕೊಡಬೇಕಾದದ್ದು 9. ಐದರ ಬದಲು ಒಂಬತ್ತು ಎಂದರೆ 72.

ಬ್ಯಾಂಕಿನಲ್ಲಿ ದಿನದ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ನಮಗೊಂದು ಉಪಾಯ ಇತ್ತು. ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸುವುದು. ಸರಿಯಾಗಿ ಭಾಗವಾದರೆ ಯಾರೋ 45 ಬರೆಯುವಲ್ಲಿ 54 ಬರೆದಿರಬಹುದು ಎಂದು ಹುಡುಕುತ್ತಿದ್ದೆವು. ಎಷ್ಟೋ ರಾತ್ರಿ ಹಾಗೆ ಸಿಕ್ಕಿಬಿದ್ದಿದೆ. ಆದರೆ ಬರೆದವನ ಕಣ್ಣಿಗೇ ಕಾಣದ್ದನ್ನು ಹಿಡಿಯಲು ಯಾವ ಭಾಗಾಕಾರವೂ ಇಲ್ಲ.

ಸಂಜೆ ಕಾರ್ಯಕ್ರಮ ನಡೆಸಿದವರ ಬಳಿ ಹೋಗಿ ಅಂಕಪಟ್ಟಿ ಕೇಳಿದೆ. "ಬಿಡಿ ಸಾರ್, ಮಕ್ಕಳ ಪ್ರೋಗ್ರಾಮು. ಬಹುಮಾನ ಕೊಟ್ಟಾಯ್ತು, ಶಾಮಿಯಾನದೋರ ದುಡ್ಡೂ ಕೊಟ್ಟಾಯ್ತು" ಎಂದರು. ಪಟ್ಟಿ ಬೇಕೇ ಬೇಕು ಎಂದು ಕೂತೆ. ತಪ್ಪಿದ ಅಂಕಿಯನ್ನು ಉಜ್ಜಿ ಅಳಿಸಬಾರದು, ಅದರ ಮೇಲೆಯೇ ತಿದ್ದಲೂಬಾರದು. ಓದುವಂತೆ ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿತದ್ದು. 5ಕ್ಕೆ ಗೆರೆ ಎಳೆದು 9 ಬರೆದೆ, ಸಹಿ, ತಾರೀಖು ಹಾಕಿದೆ. 68 ಹೋಗಿ 72 ಆಯಿತು.

"ಈಗ ಆ ರಾಯಣ್ಣನ ಹತ್ರ ಹೋಗಿ ಕಪ್ ವಾಪಸ್ ಇಸ್ಕೊಂಬರ್ಲಾ?" ಎಂದು ಅವರು ಕೇಳಿದರು. ಆ ಮಗು ರಾತ್ರಿ ಕಪ್ಪನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತದೆ ಎಂದು ಅದರ ತಾಯಿಯೇ ನಮ್ಮ ಮನೆಯವರಿಗೆ ಹೇಳಿದ್ದರು. ಬೇಡ, ಅವನು ಗೆದ್ದದ್ದು ಗೆದ್ದದ್ದೇ, ಮೂರನೇ ಬಹುಮಾನ ಇಬ್ಬರಿಗೆ ಎಂದು ಪಟ್ಟಿಯಲ್ಲಿ ಬರೆಯಿರಿ, ಇನ್ನೊಂದು ಕಪ್ಪಿನ ದುಡ್ಡು ನನ್ನದು ಎಂದೆ. 72 ಮತ್ತು 70 ಎರಡೂ ಮೂರನೆಯ ಸ್ಥಾನ ಹೇಗಾಗುತ್ತದೆ ಎಂದು ಕೇಳಿದರೆ, ಬಿ.ಕಾಂ. ಓದಿದ ನನ್ನ ಬಳಿಯೂ ಉತ್ತರ ಇಲ್ಲ.

ಮರುದಿನ ಸಂಜೆ ಅವರ ಮನೆಗೆ ಹೋದೆ. ಅಜ್ಜಿ ಒಳಗೆ ಕರೆದು ಕೂರಿಸಿದರು. ಹುಡುಗಿ ಹೋಂವರ್ಕ್ ಮಾಡುತ್ತಿದ್ದವಳು ತಲೆ ಎತ್ತಿದಳು. ನಾನು ಯಾರು, ಏನು ತಪ್ಪು ಮಾಡಿದೆ ಎಂದು ನೇರವಾಗಿ ಹೇಳಿದೆ. ಬೆನ್ನು ಅಡ್ಡ ಇತ್ತು ಎಂದೂ ಹೇಳಿದೆ. ಹೇಳುವಾಗ ನ್ಯೂಯಾರ್ಕಿನ ಆ ಹೆಂಗಸಿನ ನೆನಪಾಯಿತು.

"ನಾನು ಡೈಲಾಗ್ ಮರೆತೆ ಅಂದ್ಕೊಂಡ್ರಾ ತಾತ?"

"ಹೌದಮ್ಮ."

"ಅಲ್ಲಾ ತಾತ, ಆವಾಗ ಓಬವ್ವ ಮಾತಾಡಿದ್ರೆ ಸೈನಿಕರಿಗೆ ಗೊತ್ತಾಗಿಬಿಡಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಕಾಣದಿದ್ದಾಗ ಎದ್ದು ಹೋಗಿ ಆ ಮನುಷ್ಯನ ಭುಜ ಮುಟ್ಟಿ ಸರಿಸಬಹುದಿತ್ತು. ಸಭೆಯಲ್ಲಿ ಏಳಲು ಸಂಕೋಚವಾಗಿ ಕೂತೇ ಇದ್ದೆ. ಆ ವಿಷಯ ಮಾತ್ರ ಅವಳಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಅವಳು ಈ ಪತ್ರಿಕೆ ಓದುತ್ತಾಳಂತೆ.

ಕಪ್ಪನ್ನು ಅವಳು ತೆಗೆದುಕೊಂಡು ಟಿ.ವಿ. ಪಕ್ಕ ಇಟ್ಟಳು. ಅದರ ಮೇಲೆ ಅವಳಿಗೆ ಅಷ್ಟೇನೂ ಆಸೆ ಇದ್ದಂತೆ ಕಾಣಲಿಲ್ಲ. "ನೀವು ನೋಡ್ಲೇ ಇಲ್ವಲ್ಲ ತಾತ, ಈಗ ಮಾಡ್ಲಾ?" ಎಂದಳು. ಬಾಗಿಲ ಹಿಂದಿನಿಂದ ಬಣ್ಣದ ಕಾಗದ ಸುತ್ತಿದ ಪೈಪಿನ ಒನಕೆ ಬಂತು. ಕುರ್ಚಿಯ ಪಕ್ಕ ಕಿಂಡಿ. ನನ್ನ ಮುಂದೆ ಯಾರೂ ಇರಲಿಲ್ಲ. ಅವಳು ಹಿಡಿಯಾಗಿ ಕೂತು ಒನಕೆ ಎತ್ತತೊಡಗಿದಳು. ಒಳಗೆ ಕುಕ್ಕರ್ ಕೂಗಿತು. ಅಜ್ಜಿ ಏಳಲಿಲ್ಲ, ಮಗು ಅಲುಗಾಡಲಿಲ್ಲ.